ಬೆಳೆದವನೇ ಮಾರುವಂತಿರಲಿಲ್ಲ! ಕಾಫಿ ಪೂಲಿನ ಕತೆ

ಕಾಫಿ ಸೀಮೆಯಲ್ಲಿ ಇವತ್ತು ಕಣದಲ್ಲಿ ಚೆರ್ರಿ ಒಣಗಿಸಿ ಚೀಲ ಕಟ್ಟಿದವನು ಸೀದಾ ವ್ಯಾಪಾರಿಯ ಗೋಡೌನಿಗೆ ಜೀಪು ತಿರುಗಿಸುತ್ತಾನೆ. ರೇಟು ಒಪ್ಪಿದರೆ ಕೊಟ್ಟ. ಒಪ್ಪದಿದ್ದರೆ "ಇರ್ಲಿ ಬಿಡಿ, ಇನ್ನೊಂದ್ ವಾರ ನೋಡಾಣ" ಅಂತ ಚೀಲ ವಾಪಸ್ ತಂದ. ಇದರಲ್ಲೇನು ವಿಶೇಷ ಎಂದು ಇಪ್ಪತ್ತೈದರ ಹುಡುಗರು ಕೇಳಬಹುದು. ಅವರ ಅಪ್ಪಂದಿರನ್ನು, ತಾತಂದಿರನ್ನು ಕೇಳಲಿ. 1940ರ ದಶಕದಿಂದ 1990ರ ದಶಕದ ತನಕ, ಸುಮಾರು ಅರ್ಧ ಶತಮಾನ, ಮೂಡಿಗೆರೆಯಿರಲಿ, ಸಕಲೇಶಪುರವಿರಲಿ, ಮಡಿಕೇರಿಯಿರಲಿ, ಹೀಗೆ ಜೀಪು ತಿರುಗಿಸಿದವನು ಕಾನೂನಿನ ಕಣ್ಣಲ್ಲಿ ಅಪರಾಧಿ!

ತೋಟ ನಿಮ್ಮದು, ಗಿಡ ನಿಮ್ಮದು, ಗೊಬ್ಬರದ ಸಾಲವೂ ನಿಮ್ಮದು. ಆದರೆ ಬೆಳೆ ಮಾತ್ರ ಕಾಫಿ ಬೋರ್ಡಿನ 'ಪೂಲ್'ಗೆ ಹೋಗಬೇಕು. ಮನೆ ಖರ್ಚಿಗೆ ಒಂದಿಷ್ಟು, ಬಿತ್ತನೆಗೆ ಒಂದಿಷ್ಟು ಇಟ್ಟುಕೊಳ್ಳಬಹುದು, ಅಷ್ಟೆ. ಒಳನಾಡಿನಲ್ಲಿ ಮಾರಲು ಬೆಳೆಗಾರನಿಗೆ ಒಂದು ಪಾಲು ಬಿಡುವ ಏರ್ಪಾಡು ಕಾಯ್ದೆಯಲ್ಲೇ ಇತ್ತು ನಿಜ, ಅದು ಬೇಗನೆ ಹೆಸರಿಗಷ್ಟೇ ಉಳಿಯಿತು. 1942ರ ಕಾಫಿ ಕಾಯ್ದೆಯ 25ನೇ ಕಲಂ ಏನು ಹೇಳುತ್ತದೆಂದರೆ, ಪೂಲಿಗೆ ಕಾಫಿ ಒಪ್ಪಿಸಿದ ಮೇಲೆ ಅದರ ಮೇಲೆ ಬೆಳೆಗಾರನಿಗೆ ಬೇರೆ ಯಾವ ಹಕ್ಕೂ ಉಳಿಯುವುದಿಲ್ಲ, ಬೋರ್ಡು ಕೊಡುವ ಹಣ ಪಡೆಯುವ ಹಕ್ಕೊಂದನ್ನು ಬಿಟ್ಟು. ಆ ಹಣವಾದರೂ ಕೈಗೆ ಯಾವಾಗ ಬರುತ್ತಿತ್ತು?

ಅದೇ ದೊಡ್ಡ ಕತೆ. ಕ್ಯೂರಿಂಗ್ ವರ್ಕ್ಸಿಗೆ ಚೀಲ ಇಳಿಸಿದಾಗ ಮುಂಗಡವಾಗಿ ಒಂದು ಕಂತು. ಆಮೇಲೆ ಕಾಫಿ ಹಸನಾಗಿ, ದರ್ಜೆಯಾಗಿ, ಹರಾಜಾಗಿ, ಲೆಕ್ಕವಾಗಿ, ಪಾಯಿಂಟಿಗೆ ಇಷ್ಟು ಅಂತ ಬೋರ್ಡು ನಿಗದಿ ಮಾಡಿ, ಉಳಿದ ಕಂತುಗಳು ಒಂದೊಂದಾಗಿ ಬರಬೇಕು. ಈ ಸಾಲಿನ ಬೆಳೆಯ ಕೊನೇ ಕಂತು ಬರುವ ಹೊತ್ತಿಗೆ ಮುಂದಿನ ಸಾಲಿನ ಹೂಮಳೆ ಬಿದ್ದು ಹೋಗಿರುತ್ತಿತ್ತು. ಇತ್ತ ಲೈನ್ ಮನೆಯವರಿಗೆ ವಾರದ ಬಟವಾಡೆ ನಿಲ್ಲುವಂತಿಲ್ಲ, ಮಗಳ ಮದುವೆ ಕಂತಿಗಾಗಿ ಕಾಯುವುದಿಲ್ಲ. ದೊಡ್ಡ ಎಸ್ಟೇಟಿನವರು ಬ್ಯಾಂಕಿಗೆ ಹೋದರು. ನಾಲ್ಕೆಕರೆಯವನು ಬರಬೇಕಾದ ಕಂತನ್ನೇ ತೋರಿಸಿ ಸಾಹುಕಾರನ ಹತ್ತಿರ ಕೈಯೊಡ್ಡಿದ.

ಇನ್ನು ಗುಣಮಟ್ಟ. ಬಾಬಾಬುಡನ್‌ಗಿರಿ ತಪ್ಪಲಿನಲ್ಲಿ ಹಣ್ಣಾದದ್ದನ್ನು ಮಾತ್ರ ನೋಡಿ ನೋಡಿ ಕುಯ್ಯಿಸಿ, ಪಲ್ಪರಿಗೆ ಹಾಕಿ, ಪಾರ್ಚ್‌ಮೆಂಟನ್ನು ಮಗುವಿನಂತೆ ಒಣಗಿಸಿದವನ ಕಾಫಿ ಒಂದು ಕಡೆ. ಕಾಯಿ, ಹಣ್ಣು, ಎಲೆ ಒಟ್ಟಿಗೇ ಸವರಿದವನದು ಇನ್ನೊಂದು ಕಡೆ. ದರ್ಜೆಯಲ್ಲಿ ವ್ಯತ್ಯಾಸ ಇತ್ತು, ಇಲ್ಲವೆಂದಲ್ಲ. ಆದರೆ ಪೂಲಿಗೆ ಸುರಿದ ಮೇಲೆ ತೋಟದ ಹೆಸರು ಬಹುಪಾಲು ಅಳಿಸಿಹೋಗುತ್ತಿತ್ತು. 'ಇದು ನನ್ನ ಕಾಫಿ, ಇದಕ್ಕೆ ಇಷ್ಟು ಕೊಡಿ' ಎಂದು ಕೇಳುವ ಬಾಯೇ ಇಲ್ಲದ ಮೇಲೆ ಹೆಚ್ಚಿನ ಶ್ರಮ ಯಾಕೆ ಪಡಬೇಕು?

ಮುಕ್ತ ಮಾರುಕಟ್ಟೆಯ ವಾದಿಗಳು ಹಿಡಿಯುವುದು ಇದೇ ಎಳೆಯನ್ನು. ಆಸ್ಟ್ರಿಯಾದಲ್ಲಿ ಹುಟ್ಟಿದ ಫ್ರೆಡ್ರಿಕ್ ಹಾಯೆಕ್ 1945ರಲ್ಲಿ ಬರೆದ ಲೇಖನವೊಂದರ ತಿರುಳು ಇದು: ಯಾವ ಸರಕು ಯಾರಿಗೆ ಎಷ್ಟು ಬೇಕು ಎಂಬ ತಿಳಿವಳಿಕೆ ಒಂದೇ ಕಚೇರಿಯಲ್ಲಿ ಕೂಡಿ ಬರುವುದಿಲ್ಲ, ಸಾವಿರಾರು ಜನರ ತಲೆಯಲ್ಲಿ ಚೂರು ಚೂರಾಗಿ ಹರಡಿರುತ್ತದೆ, ಅದನ್ನು ಒಬ್ಬರಿಂದ ಒಬ್ಬರಿಗೆ ಮುಟ್ಟಿಸುವುದು ಬೆಲೆ. ಆ ಬೆಲೆ ಬೆಳೆಗಾರನ ಕಿವಿಗೆ ಬೀಳದಂತೆ ಬೋರ್ಡು ನಡುವೆ ಗೋಡೆಯಾಗಿ ನಿಂತರೆ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಅಂತ ಅವನಿಗೆ ಗೊತ್ತಾಗುವುದು ಹೇಗೆ?

ಹಾಯೆಕ್ಕರ ಉಪನ್ಯಾಸಗಳನ್ನು ಲಂಡನ್ನಿನಲ್ಲಿ ಕೂತು ಕೇಳಿದವರಲ್ಲಿ ನಮ್ಮ ಕರಾವಳಿಯವರೊಬ್ಬರೂ ಇದ್ದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೆಳ್ಳಿಕೋತಿನ ಬಿ.ಆರ್. ಶೆಣೈ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯನ್ನು ನೋಡಲು ಕೂಡಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದುಕೊಟ್ಟವರು ಇವರೊಬ್ಬರೇ. ಇಲ್ಲದ ದುಡ್ಡು ಅಚ್ಚು ಹಾಕಿ ಯೋಜನೆ ಮಾಡಬೇಡಿ, ಹತೋಟಿಗಳನ್ನು ಸಡಿಲಿಸಿ ಎಂದರು. ಯಾರೂ ಕೇಳಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ದೇಶಕ್ಕೆ ವಿದೇಶಿ ವಿನಿಮಯದ ಮುಗ್ಗಟ್ಟು ಬಡಿಯಿತು. 1959ರಲ್ಲಿ ರಾಜಾಜಿ ಮತ್ತು ಜೊತೆಗಾರರು ಸ್ವತಂತ್ರ ಪಕ್ಷ ಕಟ್ಟಿ 'ಲೈಸೆನ್ಸ್ ಪರ್ಮಿಟ್ ರಾಜ್' ಅಂತ ಬೈದದ್ದೂ ಈ ಹತೋಟಿಗಳನ್ನೇ. ಶೆಣೈ 1978ರಲ್ಲಿ ತೀರಿಕೊಂಡರು. ಪೂಲ್ ಅವರಿಗಿಂತ ಗಟ್ಟಿ, ಇನ್ನೂ ಹದಿನೈದಿಪ್ಪತ್ತು ವರ್ಷ ಬಾಳಿತು.

ಆದರೆ ಇಲ್ಲೊಂದು ಗುಟ್ಟು ಉಂಟು. ಪಟ್ಟಣದ ಸಭೆಗಳಲ್ಲಿ ಮಾರುಕಟ್ಟೆಯ ಪರ ಭಾಷಣ ಬಿಗಿಯುವವರು ಇದನ್ನು ಹೇಳುವುದಿಲ್ಲ. ಈ ಪೂಲನ್ನು ಯಾವನೋ ಸಮಾಜವಾದಿ ಮಂತ್ರಿ ತಂದು ಬೆಳೆಗಾರರ ತಲೆ ಮೇಲೆ ಹೇರಿದ್ದಲ್ಲ. ಆಗ ಇದ್ದದ್ದು ಬ್ರಿಟಿಷ್ ಸರ್ಕಾರ. 1939ರಲ್ಲಿ ಯುದ್ಧ ಶುರುವಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿತು, ಮಾಲು ಗೋಡೌನಿನಲ್ಲೇ ಕೂತಿತು. 'ನಮ್ಮನ್ನು ಉಳಿಸಿ' ಅಂತ ಸರ್ಕಾರದ ಬಾಗಿಲು ತಟ್ಟಿದವರು ಪ್ಲಾಂಟರುಗಳೇ. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಯ್ದೆಯಾಯಿತು. ಕಷ್ಟಕಾಲಕ್ಕೆ ಕರೆತಂದ ನೆಂಟ ಯುದ್ಧ ಮುಗಿದರೂ ಹೊರಡಲಿಲ್ಲ. ಜಗಲಿಯಲ್ಲಿದ್ದವನು ನಡುಮನೆಗೆ ಬಂದ!

ತಮಾಷೆ ನಡೆದದ್ದು ಸುಪ್ರೀಂ ಕೋರ್ಟಿನಲ್ಲಿ. ಪೂಲಿಗೆ ಬಂದ ಕಾಫಿಯ ಮೇಲೆ ಖರೀದಿ ತೆರಿಗೆ ಕೊಡಿ ಎಂದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಕಾಫಿ ಬೋರ್ಡಿಗೆ ನೋಟಿಸು ಕೊಟ್ಟಿತು. ಬೋರ್ಡಿನ ಉತ್ತರ ಏನು ಗೊತ್ತೇ? 'ನಾವು ಕೊಂಡುಕೊಂಡಿದ್ದಲ್ಲ ಸ್ವಾಮಿ, ಕಡ್ಡಾಯವಾಗಿ ವಶಪಡಿಸಿಕೊಂಡದ್ದು. ಇದು ಮಾರಾಟವೇ ಅಲ್ಲ' ಎಂಬ ವಾದ! ವರ್ಷಗಟ್ಟಲೆ ಬೆಳೆಗಾರ ಗೊಣಗಿದ್ದ ಮಾತನ್ನು ಬೋರ್ಡೇ ವಕೀಲರಿಟ್ಟು ಹೇಳಿಸಿದ ಹಾಗಾಯಿತು. 1988ರಲ್ಲಿ ಕೋರ್ಟು ಒಪ್ಪಲಿಲ್ಲ. ಇದು ಮಾರಾಟವೇ, ತೆರಿಗೆ ಕಟ್ಟಬೇಕು ಎಂದು ತೀರ್ಪಾಯಿತು. ಮಾರುವವನಿಗೆ ಬೆಲೆ ಕೇಳುವ ಅಧಿಕಾರವಿಲ್ಲದ ಮಾರಾಟ! ಕಾನೂನು ಬಲ್ಲವರು ಇದನ್ನು ಒಪ್ಪಿಯಾರು, ಕಣದಲ್ಲಿ ನಿಂತವನಿಗೆ ಒಪ್ಪಿಸುವುದು ಕಷ್ಟ.

ಪೂಲ್ ಮುರಿದದ್ದು ಭಾಷಣದಿಂದಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಬಿದ್ದುಹೋಗಿ ಬೆಲೆ ನೆಲಕಚ್ಚಿತು. 1991ರಲ್ಲಿ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯ ಖಜಾನೆಯಲ್ಲಿ ವಿದೇಶಿ ಹಣ ಬರಿದಾಗಿತ್ತು. 1992-93ರಲ್ಲಿ ನೂರಕ್ಕೆ 30ರಷ್ಟನ್ನು ಬೆಳೆಗಾರ ಒಳನಾಡಿನಲ್ಲಿ ಮಾರಿಕೊಳ್ಳಲಿ ಎಂದರು. ಮರುವರ್ಷ ಅರ್ಧಕ್ಕೆ ಏರಿತು. ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಟ್ಟರು. 1996ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು.

ಅದೃಷ್ಟವೂ ಕೂಡಿ ಬಂತು. 1994ರಲ್ಲಿ ಬ್ರೆಜಿಲ್ ತೋಟಗಳಿಗೆ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ಕೈತುಂಬ ನಗದು ಎಣಿಸಿದ ಬೆಳೆಗಾರರು 'ಇಷ್ಟು ವರ್ಷ ಇದನ್ನೆಲ್ಲ ಯಾರು ತಿಂದರು?' ಎಂದು ಬೋರ್ಡಿನ ಕಡೆ ಬೆರಳು ತೋರಿಸಿದರು. ಹಿಮದ ಪಾಲೆಷ್ಟು, ಸ್ವಾತಂತ್ರ್ಯದ ಪಾಲೆಷ್ಟು ಅಂತ ಆಗ ಯಾರಿಗೆ ಬೇಕಿತ್ತು!

ಬೇಕಾದದ್ದು 2001ರಲ್ಲಿ. ವಿಯೆಟ್ನಾಂ ಕಾಫಿ ಪ್ರವಾಹದಂತೆ ಹರಿದು, ಲೋಕದ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿಯಿತು. ಕುಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಐದಾರು ವರ್ಷದ ಹಿಂದೆ 'ಬೋರ್ಡು ತೊಲಗಲಿ' ಎಂದಿದ್ದ ಬಾಯಿಗಳೇ ಸರ್ಕಾರ ಕೈಹಿಡಿಯಲಿ ಎಂದವು. ವಿಶೇಷ ಸಾಲ ಬಂತು, 2010ರಲ್ಲಿ ಸಾಲ ಪರಿಹಾರದ ಪ್ಯಾಕೇಜೂ ಬಂತು. 1940ರ ಬಾಗಿಲು ತಟ್ಟಿದ ಸದ್ದೇ ಅಲ್ಲವೇ ಇದು? ಕಟ್ಟಾ ಮಾರುಕಟ್ಟೆವಾದಿ ಕೇಳುತ್ತಾನೆ: ಲಾಭ ನಿಮಗೆ, ನಷ್ಟ ಮಾತ್ರ ಊರಿಗೆಲ್ಲ ಹಂಚಬೇಕೋ? ಮಾತು ಒರಟು, ಆದರೆ ಲೆಕ್ಕ ತಪ್ಪಿಲ್ಲ. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಪೂಲ್ ಇದ್ದಾಗಲಾಗಲಿ, ಹೋದ ಮೇಲಾಗಲಿ, ಲೈನ್ ಮನೆಯ ಆಳಿಗೆ 'ನಿನ್ನ ಅಭಿಪ್ರಾಯವೇನಪ್ಪ' ಅಂತ ಕೇಳಿದವರು ಅಪರೂಪ. ಬೆಲೆ ಬಿದ್ದಾಗ ಮೊದಲು ಕೆಲಸ ತಪ್ಪುವುದು ಮಾತ್ರ ಅವನಿಗೆ.

ಇಷ್ಟಾದರೂ ಪೂಲ್ ವಾಪಸ್ ಬೇಕು ಅಂತ ಚೀಲ ಹೊತ್ತು ಹೊರಟವರು ಕಾಣರು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿನೊಳಗಿನವು. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ದಾಖಲೆ ಬೆಲೆ ಮುಟ್ಟಿದಾಗ ಕೆಲವರು ಮಾರಿದರು, ಕೆಲವರು ಇನ್ನೂ ಏರೀತು ಅಂತ ಚೀಲಗಳನ್ನು ಅಟ್ಟದ ಮೇಲೆ ಪೇರಿಸಿಟ್ಟು, ರಾತ್ರಿ ನಾಯಿ ಬೊಗಳಿದಾಗಲೆಲ್ಲ ಟಾರ್ಚು ಹಿಡಿದು ಎದ್ದು ನೋಡಿದರು.