ಎರಡು ವಾರದ ಅಕ್ಕ, ಹತ್ತು ವರ್ಷದ ನೆಂಟರು

ಮಕ್ಕಳ ಮನೆಯಲ್ಲಿ ವಾರ್ಡನ್ ಆಗಿದ್ದವರಿಗೆ ಫಾರಿನ್‌ನವರ ಸೀಸನ್ ಚೆನ್ನಾಗಿ ಗೊತ್ತಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕಾಲೇಜು ರಜೆಯ ಹುಡುಗ ಹುಡುಗಿಯರು ಬರುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತಮ್ಮೂರಿನ ಚಳಿ ತಪ್ಪಿಸಿಕೊಂಡು ನಿವೃತ್ತರು ಬರುತ್ತಾರೆ. ಮೈಸೂರು ಜಿಲ್ಲೆಯ ಒಂದು ಹಳ್ಳಿಯ ಹೊರಗೆ, ಟ್ರಸ್ಟ್‌ನವರು ನಡೆಸುತ್ತಿದ್ದ ಮಕ್ಕಳ ಮನೆ ಮತ್ತು ಶಾಲೆಯಲ್ಲಿ ನಾನು ಹಗಲು ಗಣಿತದ ಟೀಚರ್, ರಾತ್ರಿ ವಾರ್ಡನ್. ಬಂದವರಿಗೆ ರೂಮು ತೋರಿಸಿ ಸೊಳ್ಳೆ ಪರದೆ ಕೊಡುವುದು, ಯಾವ ನೀರು ಕುಡಿಯಬಹುದು ಯಾವುದು ಕೂಡದು ಎಂದು ಹೇಳುವುದು, ವಿದೇಶಿಯರು ತಂಗಿದ್ದಾರೆಂದು ಸರ್ಕಾರಕ್ಕೆ ತಿಳಿಸುವ ಸಿ ಫಾರಂ ಅನ್ನು 24 ಗಂಟೆಯೊಳಗೆ ತುಂಬಿಸಿ ಕಳಿಸುವುದು ಎಲ್ಲವೂ ನನ್ನ ಪಾಲಿನ ಕೆಲಸ. ಮಕ್ಕಳು ಅವರನ್ನು ಅಕ್ಕ, ಅಣ್ಣ ಎನ್ನುತ್ತಿದ್ದರು. ತಲೆ ನರೆತಿದ್ದರೆ ಅಜ್ಜಿ, ತಾತ.

ಈಗಲೂ ಊರಿನವರು ಸಿಕ್ಕಿದಾಗ ಕೇಳುತ್ತಾರೆ: "ಅಷ್ಟು ದೂರದಿಂದ ಸ್ವಂತ ದುಡ್ಡು ಹಾಕ್ಕೊಂಡು ಬರ್ತಾರಲ್ಲ ಮೇಡಂ, ಅವರಿಂದ ನಿಜವಾಗ್ಲೂ ಉಪಯೋಗ ಆಗುತ್ತಾ?" ಆಗುತ್ತದೆ, ಆದರೆ ಎಲ್ಲರಿಂದಲೂ ಅಲ್ಲ. ಯಾರಿಂದ ಆಗುತ್ತದೆ, ಹೇಗೆ ಆಗುತ್ತದೆ ಎನ್ನುವುದನ್ನು ನಾನು ಕಂಡಷ್ಟು, ಓದಿ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಗೋಡೆಗೆ ಬಣ್ಣ

ಕಾಲೇಜು ಹುಡುಗರ ತಂಡ ಸಾಮಾನ್ಯವಾಗಿ ಎರಡು ವಾರ ಇರುತ್ತಿತ್ತು. ಅವರ ದೇಶದ ಯಾವುದೋ ಏಜೆನ್ಸಿಗೆ ದೊಡ್ಡ ಮೊತ್ತ ಕಟ್ಟಿ ಬಂದಿರುತ್ತಿದ್ದರು. ಅದರಲ್ಲಿ ನಮ್ಮ ಕೈಗೆ ಬರುತ್ತಿದ್ದುದು ಅವರ ಊಟ ವಸತಿ ಕಳೆದು ಸ್ವಲ್ಪವೇ. ಬಂದವರಿಗೆ ಕನ್ನಡ ಬಾರದು, ಪಾಠ ಮಾಡಿ ಅಭ್ಯಾಸವಿಲ್ಲ. ಆದರೂ ಏನಾದರೂ ಕೆಲಸ ಕೊಡಲೇಬೇಕು. ಹಾಗಾಗಿ ಗೋಡೆಗೆ ಬಣ್ಣ ಹೊಡೆಸುತ್ತಿದ್ದೆವು. ಊಟದ ಹಾಲಿನ ಗೋಡೆಯ ಮೇಲೆ ಒಂದು ತಂಡ ಮೀನು ಬರೆಯಿತು. ಮರುವರ್ಷದವರು ಅದನ್ನು ಅಳಿಸಿ ಭೂಪಟ ಬರೆದರು, ಅದರ ಮೇಲೆ ಇನ್ನೊಂದು ತಂಡದವರು ಸೂರ್ಯಕಾಂತಿ ಬರೆದರು. ಅದೇ ಗೋಡೆಯ ಹಿಂದಿನ ಬಚ್ಚಲಿನಲ್ಲಿ ವಾಷರ್ ಹೋದ ನಲ್ಲಿ ಸೋರುತ್ತಲೇ ಇತ್ತು. ಬಣ್ಣಕ್ಕೆಂದು ಬಂದ ಹಣವನ್ನು ಪ್ಲಂಬರ್‌ಗೆ ಕೊಡುವಂತಿರಲಿಲ್ಲ.

ಆ ಹುಡುಗರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಮುದ್ದೆ ನುಂಗುವುದನ್ನು ಕಲಿತರು, ಹೇನಿಗೆ ಹೆದರಲಿಲ್ಲ, ಕರೆಂಟ್ ಹೋದ ರಾತ್ರಿ ಮಕ್ಕಳ ಜೊತೆ ಕೂತು ಹಾಡು ಹೇಳಿದರು. ತೊಂದರೆ ಶುರುವಾಗುತ್ತಿದ್ದುದು ಅವರು ಹೊರಟ ಮೇಲೆ.

ಎರಡನೇ ಕ್ಲಾಸಿನ ಒಬ್ಬ ಹುಡುಗ ಇದ್ದ. ಹೊಸಬರು ಜೀಪಿನಿಂದ ಇಳಿದರೆ ಸಾಕು, ಓಡಿಹೋಗಿ ಕೈ ಹಿಡಿದುಕೊಳ್ಳುತ್ತಿದ್ದ. ಮುಖ ಕಂಡಿಲ್ಲ, ಹೆಸರು ಗೊತ್ತಿಲ್ಲ, ಆದರೂ ಇಷ್ಟು ಪ್ರೀತಿಯೇ ಎಂದು ಬಂದವರ ಕಣ್ಣು ತುಂಬುತ್ತಿತ್ತು. ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಅವರಿಗೆ ತಿಳಿಯುತ್ತಿರಲಿಲ್ಲ, ಪಕ್ಕದಲ್ಲಿದ್ದ ನಮಗೆ ತಿಳಿಯುತ್ತಿತ್ತು: "ನೀವ್ಯಾವಾಗ ಹೋಗೋದು?" ತಂಡ ಹೊರಟ ರಾತ್ರಿಯಿಂದ ಅವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಆಯಾ ಬೆಡ್‌ಶೀಟ್ ಹಿಂಡಿ ತಂತಿಗೆ ಹಾಕುತ್ತ, "ಜೀಪ್ ಹೋಯ್ತಲ್ಲ ಮೇಡಂ, ಇನ್ನೊಂದು ವಾರ ಹಿಂಗೇ ಇವನದು" ಎನ್ನುತ್ತಿದ್ದಳು.

ನಮ್ಮ ಆಯಾ ಕಂಡುಕೊಂಡಿದ್ದನ್ನು ಮನಃಶಾಸ್ತ್ರ ಬಹಳ ಹಿಂದೆಯೇ ಹೇಳಿದೆ. ಎರಡನೇ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದುಕೊಟ್ಟರು. 1951ರಲ್ಲಿ ಪ್ರಕಟವಾದ ಆ ವರದಿಯ ತಿರುಳು ಇಷ್ಟು: ಮಗುವಿನ ಮನಸ್ಸು ಗಟ್ಟಿಯಾಗಲು ಹೊಟ್ಟೆಗೆ ಅನ್ನವಿದ್ದರೆ ಸಾಲದು, ದಿನವೂ ಕಾಣುವ, ಬಿಟ್ಟುಹೋಗದ ಒಂದು ಮುಖ ಬೇಕು. ಯಾರು ಸಿಕ್ಕರೂ ಅಂಟಿಕೊಳ್ಳುವ ಮಗು ತುಂಬ ಸಂತೋಷದಲ್ಲಿದೆ ಎಂದು ತಿಳಿಯಬಾರದು; ನಂಬಬಹುದಾದ ಒಬ್ಬರು ಅದಕ್ಕೆ ಇನ್ನೂ ಸಿಕ್ಕಿಲ್ಲದಿರಬಹುದು.

ಇನ್ನೊಂದು ವಿಷಯ. "ಅನಾಥಾಲಯ" ಎಂದುಕೊಂಡು ಬಂದವರಿಗೆ ನಾವು ಹೇಳಬೇಕಾಗುತ್ತಿತ್ತು, ನಮ್ಮಲ್ಲಿದ್ದ ಹೆಚ್ಚಿನ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ ಎಂದು. ತಾಯಿ ಕೊಡಗಿನ ಕಾಫಿ ತೋಟದಲ್ಲಿರುತ್ತಿದ್ದಳು, ಇಲ್ಲವೇ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿರುತ್ತಿದ್ದಳು. ಮಗುವನ್ನು ಕರೆದುಕೊಂಡು ಹೋಗಲು ಜಾಗವಿಲ್ಲ, ಓದಿಸಲು ಶಕ್ತಿಯಿಲ್ಲ. ನೇಪಾಳ, ಕಾಂಬೋಡಿಯಾದಂಥ ಕಡೆ ಇಂಥ ಮಕ್ಕಳನ್ನೇ ಅನಾಥರೆಂದು ತೋರಿಸಿ ವಿದೇಶಿಯರ ಹಣಕ್ಕಾಗಿ ಮನೆಗಳನ್ನು ತೆರೆದದ್ದೂ ಉಂಟು. ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಜೊತೆಗಿಟ್ಟು ಚರ್ಚಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯ ಸ್ವಯಂಸೇವೆಯಿಂದಾಗುವ ಹಾನಿಯನ್ನು ತಡೆಯಿರಿ ಎಂದು ದೇಶಗಳಿಗೆ ಹೇಳಿತು.

ಹಿಂದಿನ ಬೆಂಚಿನ ಅಜ್ಜಿ

ಹಾಗಾದರೆ ಯಾರೂ ಬರಬಾರದೇ? ಖಂಡಿತ ಬರಬೇಕು. ನೆದರ್‌ಲ್ಯಾಂಡ್ಸ್‌ನಿಂದ ಒಬ್ಬ ನಿವೃತ್ತ ಪ್ರೈಮರಿ ಟೀಚರ್ ಬರುತ್ತಿದ್ದರು. ಮೊದಲ ವಾರ ಪೂರ್ತಿ ಮೂರನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. ಮಕ್ಕಳಿಗೆ ಒಂದು ಪಾಠವನ್ನೂ ಮಾಡಲಿಲ್ಲ. ಇವರೇನು ಮಾಡಲು ಬಂದಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ಶುರುವಾಯಿತು. ಎರಡನೇ ವಾರದಿಂದ ಶಾಲೆ ಬಿಟ್ಟ ಮೇಲೆ ನಮ್ಮ ಇಬ್ಬರು ಇಂಗ್ಲಿಷ್ ಟೀಚರ್‌ಗಳನ್ನು ಜೊತೆಗೆ ಕೂರಿಸಿಕೊಳ್ಳತೊಡಗಿದರು. ನಮ್ಮ ಮಕ್ಕಳು "ಸಿ, ಎ, ಟಿ, ಕ್ಯಾಟ್" ಎಂದು ರಾಗವಾಗಿ ಹೇಳುತ್ತಿದ್ದರು. ಪುಸ್ತಕ ಮುಚ್ಚಿ ಹೊಸ ಪದ ಬರೆದುಕೊಟ್ಟರೆ ಓದಲು ಬರುತ್ತಿರಲಿಲ್ಲ. ಕನ್ನಡ ಕಲಿಯುವಾಗ ಮಗು ಅಕ್ಷರದ ಉಲಿಯನ್ನೇ ಹಿಡಿದು ಪದ ಕಟ್ಟುತ್ತದೆ, ಇಂಗ್ಲಿಷ್‌ನಲ್ಲೂ ಮೊದಲು ಉಲಿಯನ್ನೇ ಹಿಡಿಸಿ ಎಂದು ಅವರು ತೋರಿಸಿಕೊಟ್ಟರು. ರಟ್ಟು ಕತ್ತರಿಸಿ ಕಾರ್ಡು ಮಾಡಿದ್ದು ನಮ್ಮ ಟೀಚರ್‌ಗಳೇ, ಕ್ಲಾಸು ತೆಗೆದುಕೊಂಡದ್ದೂ ಅವರೇ. ಅಜ್ಜಿ ಊರಿಗೆ ಹೋದ ಮೇಲೂ ಪಾಠ ನಿಲ್ಲಲಿಲ್ಲ, ಏಕೆಂದರೆ ಪಾಠ ಮಾಡುತ್ತಿದ್ದವರು ಎಲ್ಲಿಗೂ ಹೋಗಿರಲಿಲ್ಲ.

ಐರ್ಲೆಂಡಿನ ಒಬ್ಬರು ಲೆಕ್ಕಪತ್ರದವರು. ಅವರು ಮಕ್ಕಳ ಕಡೆ ತಲೆಯೆತ್ತಿಯೂ ನೋಡಲಿಲ್ಲ ಎಂದರೆ ಅತಿಶಯವಲ್ಲ. ಉಗ್ರಾಣದ ಅಕ್ಕಿ, ರಾಗಿ, ಬೇಳೆ, ಸೋಪಿನ ಲೆಕ್ಕಕ್ಕೆ ಒಂದು ಸ್ಟಾಕ್ ರಿಜಿಸ್ಟರ್ ಹಾಕಿಕೊಟ್ಟು, ತಿಂಗಳ ಕೊನೆಗೆ ತಾಳೆ ನೋಡುವುದನ್ನು ಕ್ಲರ್ಕ್‌ಗೆ ಕಲಿಸಿ ಹೋದರು. ಆಡಿಟ್ ಬಂದಾಗ ನಾವು ಹೆದರದೆ ಕೂತದ್ದು ಆ ವರ್ಷದಿಂದ. ಇನ್ನೊಬ್ಬರು ಫಿಸಿಯೋಥೆರಪಿಸ್ಟ್. ಕೈಕಾಲು ಸೆಟೆದುಕೊಳ್ಳುತ್ತಿದ್ದ ಒಂದು ಹೆಣ್ಣುಮಗುವನ್ನು ಊಟಕ್ಕೆ ಹೇಗೆ ಕೂರಿಸಬೇಕು, ಕತ್ತಿಗೆ ಎಲ್ಲಿ ಆಸರೆ ಕೊಡಬೇಕು ಎಂದು ಆಯಾಗೆ ಕೈ ಹಿಡಿದು ಕಲಿಸಿದರು. ಅನ್ನ ನೆತ್ತಿಗೇರಿ ಕೆಮ್ಮುವುದು ಕಡಿಮೆಯಾಯಿತು.

ಈ ಮೂವರೂ ಮಗುವಿಗೂ ಅದನ್ನು ದಿನವೂ ನೋಡಿಕೊಳ್ಳುವವರಿಗೂ ನಡುವೆ ಬರಲಿಲ್ಲ. ನೋಡಿಕೊಳ್ಳುವವರ ಹಿಂದೆ ನಿಂತರು. ನನ್ನ ಪ್ರಕಾರ ಹೊರಗಿನಿಂದ ಬರುವವರಿಗೆ ಸಲ್ಲುವ ಜಾಗ ಅದೇ.

ಬಾಸ್ಟನ್ನಿನಿಂದ ಬಂದ ನೆರವು

ದೂರದಿಂದಲೇ ಮಕ್ಕಳ ಮನೆಗೆ ನೆರವಾಗುವುದು ಈಗಿನ ಮಾತಲ್ಲ. ಅದರ ಒಂದು ಹಳೆಯ ಕಥೆಗೆ ನಮ್ಮ ನಾಡಿನ ನಂಟಿದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು ಊರೂರು ಅಲೆದವರು. ಮುಂದೆ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ, ಇಲ್ಲಿನ ಬಾಲವಿಧವೆಯರ ಸ್ಥಿತಿಯನ್ನು ಪುಸ್ತಕ ಬರೆದು, ಸಭೆಗಳಲ್ಲಿ ಮಾತಾಡಿ ತಿಳಿಸಿದರು. 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಹತ್ತು ವರ್ಷ ಬೆಂಬಲ ಕೊಡುತ್ತೇವೆಂದು ಅದು ಮಾತು ಕೊಟ್ಟಿತು. ಅಮೆರಿಕದ ಊರೂರುಗಳಲ್ಲಿ "ರಮಾಬಾಯಿ ಸರ್ಕಲ್" ಎಂಬ ಗುಂಪುಗಳು ಸೇರಿ ವರ್ಷವರ್ಷ ವಂತಿಗೆ ಎತ್ತಿದವು. ಆ ಹಣದಿಂದ 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಹೋಯಿತು.

ಆ ವಂತಿಗೆದಾರರಲ್ಲಿ ಬಹುಪಾಲು ಜನ ಭಾರತವನ್ನು ಕಂಡವರಲ್ಲ. ಹಾಗೆಂದು ಕಣ್ಣು ಮುಚ್ಚಿ ದುಡ್ಡು ಕಳಿಸಿದವರೂ ಅಲ್ಲ. ಸದನದಲ್ಲಿ ಹುಡುಗಿಯರನ್ನು ಕ್ರೈಸ್ತ ಮತಕ್ಕೆ ಸೆಳೆಯಲಾಗುತ್ತಿದೆ ಎಂದು 1893ರಲ್ಲಿ ಪುಣೆಯಲ್ಲಿ ಗದ್ದಲವೆದ್ದು, ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಹೊರನಡೆದರು. ಆಗ ಅಸೋಸಿಯೇಷನ್ನಿನ ಜುಡಿತ್ ಆಂಡ್ರೂಸ್ ಹಡಗು ಹತ್ತಿ ಬಂದು ಪರಿಸ್ಥಿತಿಯನ್ನು ಕಣ್ಣಾರೆ ನೋಡಿದರು. ಆ ವಾದದಲ್ಲಿ ಯಾರು ಸರಿ ಎನ್ನುವುದು ಬೇರೆಯೇ ಚರ್ಚೆ. ಕೊಟ್ಟವರು ಕೇಳಿದರು, ನೋಡಿದರು, ನಡುವೆ ಕೈಬಿಡಲಿಲ್ಲ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

1896-97ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತಗಳಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರಿಗಾಗಿ ಬೆಳೆದದ್ದೇ ಮುಕ್ತಿ ಸದನ. 1898ರಲ್ಲಿ ಮಿನ್ನಿ ಏಬ್ರಮ್ಸ್ ಎಂಬ ಅಮೆರಿಕದ ಮಹಿಳೆ ಅಲ್ಲಿಗೆ ಬಂದು ಸೇರಿದರು. ವರ್ಷಗಟ್ಟಲೆ ಅಲ್ಲೇ ದುಡಿದರು. ರಮಾಬಾಯಿಯವರ ಮಗಳು ಮನೋರಮಾ ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸುವ ಏರ್ಪಾಡು ತಂದರು. 1912ರ ಹೊತ್ತಿಗೆ ಅವರದೇ ಮೇಲ್ವಿಚಾರಣೆಯಲ್ಲಿ ಗುಲ್ಬರ್ಗದಲ್ಲೂ ಶಾಲೆಯೊಂದು ಶುರುವಾಯಿತು. ಕೇಡಗಾಂವ್‌ನ ಸಂಸ್ಥೆ ಈಗಲೂ ನಡೆಯುತ್ತಿದೆ.

ಕಾಗದಪತ್ರದ ಮಾತು

ಇದು ಒಣ ವಿಷಯ, ಆದರೆ ತಿಳಿದಿರಲೇಬೇಕು. ಇ-ಟೂರಿಸ್ಟ್ ವೀಸಾದಲ್ಲಿ ಬಂದವರು ಯಾವ ಪ್ರತಿಫಲವನ್ನೂ ಪಡೆಯದೆ ಗರಿಷ್ಠ ಒಂದು ತಿಂಗಳು ಸ್ವಯಂಸೇವೆ ಮಾಡಬಹುದು. ಅದಕ್ಕಿಂತ ಹೆಚ್ಚು ಕಾಲ ಸಂಸ್ಥೆಯಲ್ಲಿದ್ದು ದುಡಿಯಲು, ಸಂಬಳ ಇಲ್ಲದಿದ್ದರೂ, ಎಂಪ್ಲಾಯ್‌ಮೆಂಟ್ ವೀಸಾ ಬೇಕು.

ಪೋಷಣೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಮನೆ, ಸರ್ಕಾರದ ಹಣ ಪಡೆಯಲಿ ಬಿಡಲಿ, 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ನಿನಡಿ ನೋಂದಣಿಯಾಗಿರಬೇಕು. ಅದೇ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಗುವಿನ ಹೆಸರು, ಫೋಟೊ, ಶಾಲೆಯ ವಿವರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಸೆಲ್ಫಿಯನ್ನು ಇನ್‌ಸ್ಟಾಗ್ರಾಂಗೆ ಹಾಕುವವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಬೇಕು.

ಹಣದ ವಿಷಯಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಎಫ್‌ಸಿಆರ್‌ಎ. 2020ರ ತಿದ್ದುಪಡಿಯ ನಂತರ ವಿದೇಶದ ದೇಣಿಗೆ ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚು ಶೇಕಡ 20 ಮೀರುವಂತಿಲ್ಲ. ಆದರೆ ಶಾಲೆಯ ಟೀಚರ್‌ಗಳ ಸಂಬಳ ಆಡಳಿತ ಖರ್ಚಿನಲ್ಲಿ ಸೇರುವುದಿಲ್ಲ. ಇದು ಬಹಳ ದಾನಿಗಳಿಗೆ ತಿಳಿದಿಲ್ಲ. ಕಟ್ಟಡಕ್ಕೆ, ಕಂಪ್ಯೂಟರಿಗೆ ಕೊಡುತ್ತಾರೆ. ಸಂಬಳಕ್ಕೆ ಎಂದರೆ ಹಿಂದೆ ಸರಿಯುತ್ತಾರೆ.

ಹೊರದೇಶದ ಕನ್ನಡಿಗರಿಗೆ

ನ್ಯೂಜೆರ್ಸಿಯಲ್ಲೋ ಮೆಲ್ಬರ್ನ್‌ನಲ್ಲೋ ಇದ್ದುಕೊಂಡು ಊರಿನ ಮಕ್ಕಳಿಗೆ ಏನಾದರೂ ಮಾಡಬೇಕೆನ್ನುವ ಕನ್ನಡಿಗರು ಬಹಳ ಇದ್ದಾರೆ. ಅವರಲ್ಲಿ ಕೆಲವರು ರಜೆಗೆ ಬಂದಾಗ ಮಗನ ಹುಟ್ಟುಹಬ್ಬದ ಕೇಕನ್ನು ಮಕ್ಕಳ ಮನೆಯಲ್ಲಿ ಕತ್ತರಿಸಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ನನ್ನ ಮಾತಿಷ್ಟು.

ಮೊದಲು ಆ ಮನೆಯ ನೋಂದಣಿ ಪತ್ರ ಕೇಳಿ ನೋಡಿ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯದ ಹಣ ಬ್ಯಾಂಕಿನ ಮೂಲಕ ಬಂದಾಗ ವಿದೇಶಿ ವಂತಿಗೆ ಎನಿಸುವುದಿಲ್ಲ. ವಿದೇಶಿ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ವಿಚಾರಿಸಿ. ಒಬ್ಬ ಆಯಾಳ, ಒಬ್ಬ ಟೀಚರ್‌ನ ಸಂಬಳವನ್ನು ಐದು ವರ್ಷ ಹೊರುತ್ತೇವೆ ಎಂದು ನಾಲ್ಕಾರು ಮನೆಯವರು ಸೇರಿ ಒಪ್ಪಿಕೊಳ್ಳಿ. ಬರುವುದಾದರೆ ನಿಮಗೆ ಚೆನ್ನಾಗಿ ಬರುವ ಕೆಲಸವನ್ನು ಸಿಬ್ಬಂದಿಗೆ ಕಲಿಸಲು ಬನ್ನಿ. ತಾಯಿ ಇರುವ ಮಗು ತಾಯಿಯ ಜೊತೆಯಲ್ಲೇ ಬೆಳೆಯುವಂತೆ ಸಹಾಯ ಮಾಡಲಾದರೆ ಅದು ಎಲ್ಲಕ್ಕಿಂತ ಮೇಲು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ, ಬಡ ಕುಟುಂಬಕ್ಕೆ ಅದರ ಅರ್ಜಿ ತುಂಬಿಸಿಕೊಡುವುದೂ ಸೇವೆಯೇ. ಕೇಕ್ ತರುವುದಾದರೆ ತನ್ನಿ, ಆದರೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬನ್ನಿ.