ಮುರಿದ ಭಾಗವೇ ಅಪರಾಧಿಯೆ?

ಮಳೆಗಾಲದಲ್ಲಿ ಮಲೆನಾಡಿನ ಅಡಕೆಯ ತೋಟವನ್ನು ಹೊಕ್ಕವರಿಗೆ ಕಳೆ ಕೊಚ್ಚುವ ಯಂತ್ರದ ಮೊರೆತವು ಇಂದು ಅಪರಿಚಿತವಲ್ಲ. ಉದ್ದನೆಯ ಕೊಳವೆಯ ಒಂದು ತುದಿಯಲ್ಲಿ ಪುಟ್ಟ ಪೆಟ್ರೋಲ್ ಎಂಜಿನ್, ಇನ್ನೊಂದು ತುದಿಯಲ್ಲಿ ಗಿರ್ರನೆ ತಿರುಗುವ ನೈಲಾನ್ ದಾರ. ಇದೇ ಅದರ ಸ್ವರೂಪ. ಎಂಜಿನ್ನನ್ನು ಚಾಲೂ ಮಾಡಲು ಹಗ್ಗವೊಂದನ್ನು ಸೆಳೆಯಬೇಕು. ನನ್ನ ಸೋದರಮಾವನವರ ಯಂತ್ರದಲ್ಲಿ ಈ ಹಗ್ಗವನ್ನು ಸುತ್ತಿಕೊಳ್ಳುವ ರಾಟೆಯು ಒಂದೇ ಮಳೆಗಾಲದಲ್ಲಿ ಮೂರು ಸಲ ಒಡೆಯಿತು. ಮೂರನೆಯ ಸಲ ಹಗ್ಗದ ಹಿಡಿಯು ಹಿಂದಕ್ಕೆ ಜಗ್ಗಿ ಕೆಲಸದಾಳಿನ ಮಣಿಕಟ್ಟು ಉಳುಕಿತು. "ಈಗಿನ ಸಾಮಾನೇ ಕಳಪೆ ಕಣೋ" ಎನ್ನುತ್ತ ಮಾವ ನಾಲ್ಕನೆಯ ರಾಟೆಯನ್ನು ತರಲು ಹೊರಟರು. "ಸ್ವಲ್ಪ ತಡೆಯಿರಿ ಮಾವ, ಅದು ಏಕೆ ಮುರಿಯಿತೆಂದು ನೋಡೋಣ" ಎಂದೆ.

ಈ ಸ್ಟಾರ್ಟರಿನ ರಚನೆ ಸರಳವಾದುದು. ಹಗ್ಗವನ್ನು ಸೆಳೆದಾಗ ರಾಟೆ ತಿರುಗುತ್ತದೆ. ಚಿಕ್ಕ ಕೊಕ್ಕೆಗಳ ಮೂಲಕ ಅದು ಎಂಜಿನ್ನಿನ ಫ್ಲೈವೀಲನ್ನು ತಿರುಗಿಸುತ್ತದೆ. ಎಂಜಿನ್ ತಾನಾಗಿಯೇ ಓಡತೊಡಗಿದೊಡನೆ ಕೊಕ್ಕೆಗಳು ಬಿಟ್ಟುಕೊಳ್ಳುತ್ತವೆ. ಸುರುಳಿಯಾದ ಸ್ಪ್ರಿಂಗ್ ಹಗ್ಗವನ್ನು ಮರಳಿ ಸುತ್ತುತ್ತದೆ. ಹಾಗಾದರೆ ರಾಟೆಯನ್ನು ಒಡೆಯುವಷ್ಟು ಬಲ ಎಲ್ಲಿಂದ ಬಂದಿತು?

ಪಿಸ್ಟನ್ನಿನ ವ್ಯಾಸ 40 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 12.5 ಚದರ ಸೆಂಟಿಮೀಟರ್. ಒಳಗಿನ ಅನಿಲವನ್ನು ಚದರ ಸೆಂಟಿಮೀಟರಿಗೆ 8 ಕಿಲೋಗ್ರಾಂ ತೂಕದಷ್ಟು ಒತ್ತಡಕ್ಕೆ ಅದುಮಿದರೆ, ಪಿಸ್ಟನ್ನಿನ ಮೇಲೆ ಬೀಳುವ ಬಲ 100 ಕಿಲೋಗ್ರಾಂ ತೂಕಕ್ಕೆ ಸಮ. ಅನಿಲವು ಹೊತ್ತಿಕೊಂಡಾಗಲಂತೂ ಇದು ಹಲವು ಪಟ್ಟು ಹೆಚ್ಚುತ್ತದೆ. ಈ ಬಲವು ಸರಿಯಾದ ಕ್ಷಣದಲ್ಲಿ ಒದಗಿದರೆ ಎಂಜಿನ್ ಓಡುತ್ತದೆ. ಮುಂಚಿತವಾಗಿ ಒದಗಿದರೆ ಮೇಲೇರುತ್ತಿರುವ ಪಿಸ್ಟನ್ನನ್ನೇ ಹಿಂದಕ್ಕೆ ಒದೆಯುತ್ತದೆ.

ಜ್ವಾಲೆಯು ಹರಡಲು ಕಾಲಾವಕಾಶ ಬೇಕಾದುದರಿಂದ, ಪಿಸ್ಟನ್ ತುದಿ ಮುಟ್ಟುವುದಕ್ಕೆ ಸುಮಾರು 25ರಿಂದ 30 ಡಿಗ್ರಿಗಳಷ್ಟು ಮೊದಲೇ ಕಿಡಿ ಹಾರುವಂತೆ ಏರ್ಪಡಿಸಿರುವುದುಂಟು. ನಿಮಿಷಕ್ಕೆ 6000 ಸುತ್ತು ತಿರುಗುವಾಗ 27 ಡಿಗ್ರಿಗಳನ್ನು ದಾಟಲು ಒಂದು ಸೆಕೆಂಡಿನ ಸಾವಿರದಲ್ಲಿ ಮುಕ್ಕಾಲು ಭಾಗ ಸಾಕು. ಹಗ್ಗ ಸೆಳೆಯುವಾಗ ವೇಗ 600 ಸುತ್ತುಗಳಾದರೆ ಅದರ ಹತ್ತರಷ್ಟು ಕಾಲ ಹಿಡಿಯುತ್ತದೆ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಒತ್ತಡ ಬೆಳೆಯುತ್ತದೆ. ಆ ಅಡ್ಡಿಯನ್ನು ದಾಟಿಸಬೇಕಾದುದು ಫ್ಲೈವೀಲಿನ ಚಲನಶಕ್ತಿ. ವೇಗ ಅರ್ಧವಾದರೆ ಈ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಅಂಜಿ ಮೆಲ್ಲನೆ ಸೆಳೆಯುವವನಿಗೇ ಒದೆತ ಹೆಚ್ಚು! ಹಿಂದೆ ಮೋಟಾರು ಕಾರುಗಳನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವಾಗ ಇಂತಹ ಒದೆತದಿಂದ ತೋಳು ಮುರಿದುಕೊಂಡವರಿದ್ದರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ ಈ ಅಪಾಯ ಕ್ರಮೇಣ ತಗ್ಗಿತು.

ಮುರಿದ ಭಾಗವು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಹಗ್ಗವು ರಂಧ್ರದ ಅಂಚಿನಲ್ಲಿ ಸವೆದಿದ್ದರೆ ಅದನ್ನು ಓರೆಯಾಗಿ ಸೆಳೆಯುತ್ತಿರುವರೆಂದು ತಿಳಿಯಬೇಕು. ಸ್ಪ್ರಿಂಗಿನ ತುದಿ ಕಿತ್ತಿದ್ದರೆ ಹಗ್ಗವನ್ನು ಕೊನೆಯವರೆಗೆ ಜಗ್ಗಿರುವ ಸಂಭವವುಂಟು. ಕೊಕ್ಕೆಯ ಮೊನೆ ಮಾತ್ರ ಚಕ್ಕೆಯೆದ್ದಿದ್ದರೆ ಹೊದಿಕೆಯ ಸ್ಕ್ರೂ ಸಡಿಲವಾಗಿ ಕೊಕ್ಕೆ ಅಂಚಿನಲ್ಲಷ್ಟೇ ಸಿಕ್ಕಿಕೊಂಡಿರಬಹುದು. ಅದೇ ಬಲವು ಕಿರಿದಾದ ಜಾಗದ ಮೇಲೆ ಬಿದ್ದರೆ ಒತ್ತಡ ಹೆಚ್ಚುವುದಷ್ಟೆ. ಮಾವನವರ ರಾಟೆಯಾದರೋ ಕೊಕ್ಕೆ ಹಿಡಿಯುವೆಡೆಯಲ್ಲಿ ಸಂಪೂರ್ಣ ಚೂರಾಗಿತ್ತು. ಉಳುಕಿದ ಮಣಿಕಟ್ಟೂ ಹಿಂದೊದೆತಕ್ಕೆ ಸಾಕ್ಷಿಯಾಗಿತ್ತು.

ಆದರೂ ಪರೀಕ್ಷಿಸದೆ ತೀರ್ಮಾನಿಸಬಾರದು. ಸ್ವಿಚ್ಚನ್ನು ಆರಿಸಿ, ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಪೆಟ್ರೋಲಿನ ಆವಿಗೆ ಕಿಡಿ ತಾಗದಂತೆ ಅದರ ತಂತಿಯನ್ನು ದೂರ ಸರಿಸಿ, ಫ್ಲೈವೀಲನ್ನು ಕೈಯಿಂದ ತಿರುಗಿಸಿದೆವು. ಬಿಗಿಯಾಗಿದ್ದರೆ ಬೇರಿಂಗಿನಲ್ಲಿಯೋ ಪಿಸ್ಟನ್ನಿನಲ್ಲಿಯೋ ದೋಷ. ಪೆಟ್ರೋಲ್ ಚಿಮ್ಮಿದರೆ ಸಿಲಿಂಡರಿನಲ್ಲಿ ದ್ರವ ತುಂಬಿದೆಯೆಂದರ್ಥ. ದ್ರವವನ್ನು ಅನಿಲದಂತೆ ಅದುಮಲಾಗದು. ಎರಡೂ ಇರಲಿಲ್ಲ, ಚಕ್ರ ಸರಾಗವಾಗಿ ತಿರುಗಿತು.

ಆಗ ಫ್ಲೈವೀಲನ್ನು ಬಿಚ್ಚಿದೆವು. ಅದರ ನಟ್ಟು ಸಡಿಲವಾಗಿತ್ತು. ಫ್ಲೈವೀಲನ್ನೂ ದಂಡವನ್ನೂ ಒಂದೇ ನೆಲೆಯಲ್ಲಿರಿಸುವ ಉಗುರಿನಷ್ಟು ಬೆಣೆ ಅರ್ಧ ಕತ್ತರಿಸಿಹೋಗಿತ್ತು. ದಂಡದ ವೇಗ ಹಠಾತ್ತನೆ ಕುಗ್ಗಿದಾಗ ಫ್ಲೈವೀಲ್ ಜಡತ್ವದಿಂದ ಮುಂದಕ್ಕೆ ಜಾರಿತ್ತು. ಕಿಡಿಯನ್ನು ಹುಟ್ಟಿಸುವ ಅಯಸ್ಕಾಂತವಿರುವುದು ಫ್ಲೈವೀಲಿನಲ್ಲಿಯೇ! ಅದು ಮುಂದೆ ಜಾರಿದಷ್ಟೂ ಕಿಡಿ ಮುಂಚಿತವಾಗಿ ಹಾರುತ್ತಿತ್ತು.

ಹೊಸ ಬೆಣೆಯನ್ನಿಟ್ಟು ನಟ್ಟನ್ನು ಬಿಗಿಗೊಳಿಸಿ, ನಾಲ್ಕನೆಯ ರಾಟೆಯನ್ನು ಜೋಡಿಸಿದೆವು. ಹಗ್ಗವನ್ನು ಮೊದಲು ಮೆಲ್ಲನೆ ಎಳೆದು, ಬಿಗಿ ಹತ್ತಿದ ಮೇಲೆ ನೇರವಾಗಿ ಚುರುಕಾಗಿ ಸೆಳೆಯಬೇಕು, ಕೊನೆಯವರೆಗೆ ಜಗ್ಗದೆ ಕೈಹಿಡಿದೇ ಒಳಬಿಡಬೇಕು ಎಂಬುದನ್ನು ಎಲ್ಲರೂ ಕಲಿತರು. ಅನಂತರ ಒಂದು ಪೂರ್ತಿ ಮಳೆಗಾಲ ಕಳೆಯಿತು. ಆ ರಾಟೆ ಇನ್ನೂ ಗಟ್ಟಿಯಾಗಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಒಂದೇ ಭಾಗ ಮತ್ತೆ ಮತ್ತೆ ಮುರಿಯುವುದಾದರೆ ಅದು ಅಪರಾಧಿಯಲ್ಲ, ಸಾಕ್ಷಿಯೆಂದು ಭಾವಿಸಿ ವಿಚಾರಿಸುವುದು ಲೇಸು.