ವಿದ್ಯಾರ್ಥಿಯೂ ಹಣದ ಲೆಕ್ಕವೂ

ಗಣಿತದ ಪುಸ್ತಕದಲ್ಲಿ ಸರಳ ಬಡ್ಡಿ, ಚಕ್ರಬಡ್ಡಿ ಎಂಬ ಪಾಠಗಳನ್ನು ನೀವೆಲ್ಲ ಓದಿದ್ದೀರಿ. ಸೂತ್ರವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಲ್ಲಿಗೆ ಅದನ್ನು ಮರೆತುಬಿಡುವವರೇ ಹೆಚ್ಚು. ಆದರೆ ಅದೇ ಬಡ್ಡಿ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಹೊಲದ ಬದುವಿನಲ್ಲಿ, ಸಂತೆಯ ಕಟ್ಟೆಯ ಮೇಲೆ ದಿನವೂ ಓಡಾಡುತ್ತಿರುತ್ತದೆ. ಪುಸ್ತಕದ ಬಡ್ಡಿಗೂ ಮನೆಯ ಬಡ್ಡಿಗೂ ಸಂಬಂಧವಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಆ ಸಂಬಂಧವನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಪಾಲಕರೂ ಇದನ್ನು ಓದಬೇಕೆಂದು, ಓದಲು ಬಾರದವರಿಗೆ ಮಕ್ಕಳು ಓದಿ ಹೇಳಬೇಕೆಂದು ನಮ್ಮ ವಿನಂತಿ.

ಲೆಕ್ಕಕ್ಕೆ ಹೆದರುವ ಜನ ನಾವಲ್ಲ. 1956ರ ನವೆಂಬರ್ 1ರ ವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿವೆ. ನಿಜಾಮರ ಕಾಲದಲ್ಲಿ ಇಲ್ಲಿ ಓಡುತ್ತಿದ್ದ ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಹೆಚ್ಚು ಕಡಿಮೆ ನಿಂತ ದರ. ಎತ್ತು ಕೊಳ್ಳಲು ಗಡಿಯಾಚೆಯ ಜಾತ್ರೆಗೆ ಹೋದ ನಮ್ಮ ಅಜ್ಜಂದಿರು ಶಾಲೆಯ ಮೆಟ್ಟಿಲು ಹತ್ತದಿದ್ದರೂ ಈ ಏಳು-ಆರರ ಲೆಕ್ಕವನ್ನು ಬೆರಳ ಮೇಲೆ ಮಾಡುತ್ತಿದ್ದರು. 1957ರ ಏಪ್ರಿಲ್ 1ರಂದು ಹದಿನಾರಾಣೆ ಹೋಗಿ ನೂರು ನಯಾ ಪೈಸೆ ಬಂದಾಗಲೂ ಕಲಿತರು. ಅವರಿಗೆ ಬಂದದ್ದು ನಮಗೇಕೆ ಬಾರದು?

ನಮ್ಮ ಭಾಗದ ಸಂಸಾರಗಳಿಗೆ ಒಂದು ವಿಶೇಷ ತೊಂದರೆಯಿದೆ. ಪಟ್ಟಣದ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ನಮಗೆ ಹಾಗಲ್ಲ. 2022ರಲ್ಲಿ ಭೌಗೋಳಿಕ ಗುರುತು ಪಡೆದು ಹೆಸರಾದ ತಾಂಡೂರಿನ ತೊಗರಿಯನ್ನೇ ನೋಡಿ: ಮುಂಗಾರಿನಲ್ಲಿ ಬಿತ್ತಿದರೆ ಕೈಗೆ ಬರುವುದು ಚಳಿಗಾಲದಲ್ಲಿ. ಜಹೀರಾಬಾದಿನ ಕಬ್ಬಿಗೆ ವರ್ಷವೇ ಬೇಕು. ಶುಂಠಿ, ಆಲೂಗಡ್ಡೆಯ ದರ ಈ ವರ್ಷ ಆಕಾಶದಲ್ಲಿದ್ದರೆ ಮುಂದಿನ ವರ್ಷ ಪಾತಾಳದಲ್ಲಿ. ಹಣ ಬರುವುದು ವರ್ಷಕ್ಕೊಂದು ಸಲ, ಖರ್ಚು ಮಾತ್ರ ದಿನವೂ. ತಾಂಡೂರಿನ ಕಲ್ಲುಗಣಿಯಲ್ಲಿ, ಪಾಲಿಷ್ ಕಾರ್ಖಾನೆಯಲ್ಲಿ ದುಡಿಯುವವರದು ಕೆಲಸವಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಇದರ ಮೇಲೆ ಜೂನ್ ತಿಂಗಳು ಬಂತೆಂದರೆ ಬೀಜ, ಗೊಬ್ಬರ, ಮಕ್ಕಳ ಪುಸ್ತಕ, ಕಾಲೇಜಿನ ಫೀ ಎಲ್ಲವೂ ಒಟ್ಟಿಗೇ ಬಾಗಿಲು ಬಡಿಯುತ್ತವೆ. ಆಗ ಸಾವುಕಾರನ ಮನೆಯ ದಾರಿ ಹಿಡಿಯದೆ ಬೇರೆ ಗತಿಯಿಲ್ಲವೆಂದು ಕಾಣುತ್ತದೆ. ಶಾಲೆ ಬಿಡುವ ಮಕ್ಕಳಲ್ಲಿ ಹೆಚ್ಚಿನವರು ಬಿಡುವುದು ಈ ತಿಂಗಳಲ್ಲೇ ಎಂಬುದನ್ನು ನಾವು ಕಂಡಿದ್ದೇವೆ.

ತೆಲುಗಿನಲ್ಲಿ ಸಾಲಕ್ಕೆ ‘ಅಪ್ಪು’ ಎನ್ನುತ್ತಾರೆ. ಕನ್ನಡದಲ್ಲಿ ಅಪ್ಪು ಎಂದರೆ ತಬ್ಬಿಕೊ ಎಂದರ್ಥ. ಎರಡೂ ಭಾಷೆ ಬಲ್ಲ ನಮ್ಮ ಹುಡುಗರು ಇದನ್ನು ಹೇಳಿ ನಗುತ್ತಾರೆ. ನಗಲಿ, ತಪ್ಪಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ಇಪ್ಪತ್ತು ರೂಪಾಯಿಯ ನೋಟುಬುಕ್ಕಿನಲ್ಲಿ ಎಡಗಡೆ ಮನೆಗೆ ಬಂದದ್ದು, ಬಲಗಡೆ ಹೋದದ್ದು, ಒಂದು ತಿಂಗಳು ಪ್ರತಿ ರಾತ್ರಿ ಬರೆಯಬೇಕು. ಕಿರಾಣಿ ಅಂಗಡಿಯ ಉದ್ರಿಯನ್ನೂ ಬಿಡಬಾರದು. ಮೊದಲ ವಾರ ಅರ್ಧದಷ್ಟು ಮಕ್ಕಳು ಮರೆತರು. ಕೆಲವು ಮನೆಗಳಲ್ಲಿ ಹಿರಿಯರು ಮುನಿಸಿಕೊಂಡರು. ಮನೆಯ ಗುಟ್ಟು ಶಾಲೆಗೇಕೆ ಎಂದು ಕೇಳಲು ಬಂದವರೂ ಇದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದ್ದರಿಂದ ಪುಸ್ತಕವನ್ನು ನಮಗೆ ತೋರಿಸುವುದು ಬೇಡ, ಮನೆಯವರಿಗೆ ತೋರಿಸಿದರೆ ಸಾಕೆಂದು ನಿಯಮ ಬದಲಿಸಿದೆವು.

ತಿಂಗಳ ಕೊನೆಗೆ ಒಬ್ಬ ಹುಡುಗಿ ತಾನಾಗಿಯೇ ಪುಸ್ತಕ ಹಿಡಿದು ಬಂದಳು. ಬಲಗಡೆಯ ಪುಟದಲ್ಲಿ ‘ಬಡ್ಡಿ 1,200’ ಎಂದಿತ್ತು. ಬಾವಿಯ ಮೋಟಾರು ಸುಟ್ಟಾಗ ಅವರಪ್ಪ 40,000 ರೂಪಾಯಿ ಸಾಲ ತಂದಿದ್ದರು. “ಸರ್, ಮೂರು ರೂಪಾಯಿ ಬಡ್ಡಿ ಅಷ್ಟೇ ಅಂತಾರ್ರೀ ನಮ್ಮಪ್ಪ. ಮೂರು ರೂಪಾಯಿ ಅಂದ್ರ ಕಮ್ಮಿ ಅಲ್ಲೇನ್ರೀ?” ಎಂದು ಕೇಳಿದಳು.

ಇಲ್ಲಿಯೇ ಇರುವುದು ಸಮಸ್ಯೆಯ ಗಂಟು. ಬ್ಯಾಂಕಿನವರು ಬಡ್ಡಿಯನ್ನು ವರ್ಷಕ್ಕೆ ಹೇಳುತ್ತಾರೆ, ಊರಿನಲ್ಲಿ ತಿಂಗಳಿಗೆ ಹೇಳುತ್ತಾರೆ. ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಬ್ಯಾಂಕಿನ ಫಲಕದ ಮೇಲಿನ ‘7’ ದೊಡ್ಡದಾಗಿಯೂ ಸಾವುಕಾರನ ‘3’ ಚಿಕ್ಕದಾಗಿಯೂ ಕಂಡರೆ ಅದು ಕಣ್ಣಿನ ಮೋಸ. 10,000 ರೂಪಾಯಿಗೆ ಮೂರರಂತೆ ವರ್ಷಕ್ಕೆ 3,600 ಬಡ್ಡಿಯಾಗುತ್ತದೆ. ಬಡ್ಡಿ ಕಟ್ಟದೆ ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡರೆ ಮೊದಲ ವರ್ಷದ ಕೊನೆಗೆ 13,600, ಎರಡನೆಯ ವರ್ಷಕ್ಕೆ 18,496, ಮೂರನೆಯ ವರ್ಷಕ್ಕೆ 25,154. ಮೂರು ಬೆಳೆ ತೆಗೆಯುವಷ್ಟರಲ್ಲಿ ಸಾಲ ಎರಡೂವರೆ ಪಟ್ಟಾಯಿತು. ಇದೇ ನಿಮ್ಮ ಪುಸ್ತಕದ ಚಕ್ರಬಡ್ಡಿ. ಅದೇ ಹತ್ತು ಸಾವಿರವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವಾಗಿ ಬ್ಯಾಂಕಿನಲ್ಲಿ ಪಡೆದಿದ್ದರೆ ವರ್ಷಕ್ಕೆ 7ರ ದರದಲ್ಲಿ 700 ರೂಪಾಯಿ, ಹೇಳಿದ ದಿನಕ್ಕೆ ತೀರಿಸಿದರೆ ಸರ್ಕಾರದ ರಿಯಾಯತಿ ಸೇರಿ 400 ರೂಪಾಯಿ ಮಾತ್ರ. ಕಾಗದಪತ್ರಕ್ಕಾಗಿ ನಾಲ್ಕು ಸಲ ಅಲೆಯಬೇಕಾಗುತ್ತದೆ, ನಿಜ. ಸಾವುಕಾರನು ಅದೇ ರಾತ್ರಿ ಕೊಡುತ್ತಾನೆ, ಅದೂ ನಿಜ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಆ ರಾತ್ರಿಯ ಹಣಕ್ಕೆ ಬೆಲೆಯಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಬೆಲೆ ಎಷ್ಟೆಂದು ತಿಳಿದು ಕೊಡುವುದು ಬೇರೆ, ತಿಳಿಯದೆ ಕೊಡುವುದು ಬೇರೆ.

ಇನ್ನೊಂದು ಸೂಕ್ಷ್ಮವಿದೆ. ಕಂತಿನ ಸಾಲ ಕೊಡುವವರು “ರೂಪಾಯಿ ಬಡ್ಡಿ ಮಾತ್ರ” ಎನ್ನುತ್ತಾರೆ. 12,000 ರೂಪಾಯಿ ಸಾಲ, ತಿಂಗಳಿಗೆ ಅಸಲು 1,000, ಬಡ್ಡಿ 120, ಹನ್ನೆರಡು ಕಂತು ಎಂದಿಟ್ಟುಕೊಳ್ಳಿ. ವರ್ಷದ ಬಡ್ಡಿ 1,440, ಅಂದರೆ ನೂರಕ್ಕೆ ಹನ್ನೆರಡು ಎಂದು ತೋರುತ್ತದೆ. ಆದರೆ ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಹನ್ನೆರಡು ಸಾವಿರದ ಮೇಲೆಯೇ ಬೀಳುತ್ತಿದೆ. ಕೊನೆಯ ತಿಂಗಳು ನಮ್ಮ ಕೈಯಲ್ಲಿ ಉಳಿದಿರುವುದು ಅವರ 1,000 ರೂಪಾಯಿ, ಅದಕ್ಕೂ 120 ಬಡ್ಡಿ! ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದ್ದರೆ ಒಟ್ಟು ಬಡ್ಡಿ 780 ರೂಪಾಯಿ. ಸರಾಸರಿ ನಮ್ಮ ಬಳಿ ಇದ್ದದ್ದು 6,500 ರೂಪಾಯಿಯಾದ್ದರಿಂದ ನಿಜವಾದ ದರ ವರ್ಷಕ್ಕೆ ಸುಮಾರು 22. ಹತ್ತನೆಯ ತರಗತಿಯವರು ಇದನ್ನು ಕಾಗದದ ಮೇಲೆ ಮಾಡಿ ನೋಡಬೇಕು. ಸಾಲ ತರುವ ಮುಂಚೆ “ಬಡ್ಡಿ ಪೂರ್ತಿ ಅಸಲಿನ ಮೇಲೋ, ಉಳಿದ ಅಸಲಿನ ಮೇಲೋ?” ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು, ಎದುರಿಗಿದ್ದವರು ನಿಮ್ಮನ್ನು ಬೇರೆ ರೀತಿಯಲ್ಲಿ ನೋಡತೊಡಗುತ್ತಾರೆ.

ಆ ಹುಡುಗಿಯ ವಿಷಯಕ್ಕೆ ಬರೋಣ. 40,000ಕ್ಕೆ ವರ್ಷದ ಬಡ್ಡಿ 14,400 ಎಂದು ಅವಳೇ ಗುಣಿಸಿದಳು. ಅವಳ ತಾಯಿ ಡ್ವಾಕ್ರಾ ಗುಂಪಿನ ಸದಸ್ಯೆ. ಈ ಯೋಜನೆ ಆರಂಭವಾದದ್ದು 1982ರಲ್ಲಿ. ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು 1992ರಲ್ಲಿ ನಬಾರ್ಡ್ ಐನೂರು ಗುಂಪುಗಳಿಂದ ಪ್ರಾರಂಭಿಸಿತು. ತಾಯಿಯ ಗುಂಪಿನಲ್ಲಿ ಉಳಿದ ಅಸಲಿನ ಮೇಲೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಸಾಲ ಸಿಗುತ್ತಿತ್ತು. ಆ ದರದಲ್ಲಿ ವರ್ಷದ ಬಡ್ಡಿ ಹೆಚ್ಚೆಂದರೆ 4,800. ಉಳಿತಾಯ 9,600. ಹತ್ತನೆಯ ತರಗತಿಯ ನಂತರ ಕನ್ನಡದಲ್ಲಿ ಓದು ಮುಂದುವರಿಸಬೇಕೆಂದರೆ ಗಡಿ ದಾಟಿ ಬೀದರಿಗೋ ಕಲಬುರಗಿಗೋ ಹೋಗಬೇಕು. ಬಸ್ಸು, ಪುಸ್ತಕ, ಫೀ ಎಲ್ಲಿಂದ ತರುವುದೆಂದು ಅವಳ ಮನೆಯಲ್ಲಿ ಓದು ನಿಲ್ಲಿಸುವ ಮಾತು ಆಗಲೇ ಆಗಿತ್ತು. ಆ ಮಾತು ಆಡಿದ ಅದೇ ಮನೆಯಿಂದ ಪ್ರತಿ ತಿಂಗಳು 1,200 ರೂಪಾಯಿ ಸದ್ದಿಲ್ಲದೆ ಹೊರಗೆ ಹೋಗುತ್ತಿತ್ತು. ತಾಯಿ ಗುಂಪಿನಲ್ಲಿ ಸಾಲ ಪಡೆದರು, ಸಾವುಕಾರನ ಪತ್ರ ಹರಿಯಿತು. ತಂದೆಗೆ ಒಪ್ಪಿಸಲು ಎರಡು ತಿಂಗಳು ಹಿಡಿಯಿತೆಂದು ಕೇಳಿದ್ದೇವೆ. ಹುಡುಗಿ ಬೀದರಿನಲ್ಲಿ ಪಿಯುಸಿಗೆ ಸೇರಿದಳು.

ಚೀಟಿಯ ಬಗ್ಗೆ ಎರಡು ಮಾತು. ಇಪ್ಪತ್ತು ಜನ, ತಿಂಗಳಿಗೆ ತಲಾ 500, ಒಟ್ಟು 10,000. ತುರ್ತು ಇದ್ದವರು ಸವಾಲಿನಲ್ಲಿ 8,000ಕ್ಕೆ ಎತ್ತಿದರೆಂದುಕೊಳ್ಳಿ. ಉಳಿದ 2,000ದಲ್ಲಿ ನಡೆಸುವವರ ಕಮಿಷನ್ 500 ಹೋಗಿ 1,500 ರೂಪಾಯಿ ಇಪ್ಪತ್ತು ಜನಕ್ಕೆ ಹಂಚಿದರೆ ತಲಾ 75. ಆ ತಿಂಗಳು 425 ಕಟ್ಟಿದರೆ ಸಾಕು. ಉಪಾಯವೇನೋ ಒಳ್ಳೆಯದೇ. ಆದರೆ ನಡೆಸುವವನೇ ಊರು ಬಿಟ್ಟರೆ? 1982ರ ಚೀಟಿ ನಿಧಿ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ. ಕಮಿಷನ್ನಿನ ಮಿತಿ 2019ರ ತಿದ್ದುಪಡಿಯಂತೆ ನೂರಕ್ಕೆ ಏಳು. ನೋಂದಣಿ ಇಲ್ಲದ ಚೀಟಿಗೆ ಮಗಳ ಮದುವೆಯ ಹಣ ಹಾಕುವುದು ಬೇಡವೆಂದೇ ನಮ್ಮ ಅಭಿಪ್ರಾಯ.

ಇನ್ನು ಉಳಿತಾಯ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಗೊತ್ತು. ಆದರೆ ಕುಡಿಕೆಯಲ್ಲಿ ಇಡಲು ನಮ್ಮ ಬಳಿ ಏನಿದೆ ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಉದಾಹರಣೆ ಕೊಡುತ್ತೇವೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದ. ಇನ್ನೊಂದು ನಮ್ಮ ಜಹೀರಾಬಾದಿನದೇ. ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ರೂಪಾಯಿಯನ್ನಷ್ಟೇ ಅಲ್ಲ, ಜೋಳ, ನವಣೆ, ಸಜ್ಜೆಯ ಬೀಜವನ್ನೂ ಕೂಡಿಟ್ಟವು. ಕಾಳಿನ ನಿಧಿ ಮಾಡಿಕೊಂಡು ಕಷ್ಟದ ತಿಂಗಳಲ್ಲಿ ಕಡಿಮೆ ದರಕ್ಕೆ ಬಡವರಿಗೆ ಧಾನ್ಯ ಹಂಚಿದವು. 2019ರಲ್ಲಿ ಈ ಮಹಿಳೆಯರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರಲ್ಲಿ ಅಕ್ಷರ ಬಾರದವರು ಎಷ್ಟೋ ಜನ. ಹಗೇವಿನಲ್ಲಿ ಕಾಳು ತುಂಬಿಟ್ಟ ನಮ್ಮ ಹಿರಿಯರ ಬುದ್ಧಿಯೂ ಇದೇ ಅಲ್ಲವೇ?

ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ತಿನ್ನುವ ಕುರುಕುರೆಯ ಪೊಟ್ಟಣ, ತಂಪು ಪಾನೀಯಗಳ ಖರ್ಚಿನಲ್ಲಿ ತಿಂಗಳಿಗೆ 100 ರೂಪಾಯಿ ಉಳಿಸುವುದು ದೊಡ್ಡ ತಪಸ್ಸೇನೂ ಅಲ್ಲ. ಅಂಚೆ ಕಚೇರಿಯ ಐದು ವರ್ಷದ ಆರ್.ಡಿ. ಖಾತೆಗೆ ತಿಂಗಳಿಗೆ 100 ರೂಪಾಯಿಯೇ ಕನಿಷ್ಠ. 2023ರ ಅಕ್ಟೋಬರಿನಲ್ಲಿ ನಿಗದಿಯಾದ 6.7ರ ದರದಲ್ಲಿ ಲೆಕ್ಕ ಹಾಕಿದರೆ ಕಟ್ಟಿದ 6,000 ರೂಪಾಯಿ ಐದು ವರ್ಷಕ್ಕೆ ಸುಮಾರು 7,136 ಆಗುತ್ತದೆ. ಹತ್ತು ವರ್ಷ ತುಂಬಿದ ಮಗುವು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನಲ್ಲೇ ಖಾತೆ ತೆರೆದು ತಾನೇ ಸಹಿ ಹಾಕಿ ನಡೆಸಬಹುದು. ಹತ್ತು ತುಂಬದ ಹೆಣ್ಣುಮಗುವಿದ್ದರೆ ಪಾಲಕರು 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ವರ್ಷಕ್ಕೆ 250 ರೂಪಾಯಿಯಿಂದ ತೆರೆಯಬಹುದು. ಬ್ಯಾಂಕ್ ಮುಳುಗಿದರೆ ಏನು ಗತಿ ಎಂದು ಅಜ್ಜಂದಿರು ಕೇಳುತ್ತಾರೆ. 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ.

ಓದು ಮುಗಿಸಿ ಹೈದರಾಬಾದಿಗೆ ಕೆಲಸಕ್ಕೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಮೊದಲ ಸಂಬಳ ಬಂದ ದಿನವೇ ಕೋಣೆಯ ಬಾಡಿಗೆ, ಊಟ, ಮನೆಗೆ ಕಳಿಸುವುದು, ಉಳಿಸುವುದು ಎಂದು ಬೇರೆ ಬೇರೆ ಮಾಡಿಡಿ. ತಿಂಗಳ ಕೊನೆಗೆ ಉಳಿದರೆ ಉಳಿಸೋಣ ಎಂದವರ ಬಳಿ ಉಳಿದದ್ದನ್ನು ನಾವು ಕಂಡಿಲ್ಲ. ಮೂರು ತಿಂಗಳ ಖರ್ಚಿನಷ್ಟು ಹಣ ಕೂಡುವ ತನಕ ಕಂತಿನ ಮೇಲೆ ಮೋಟರ್‌ಸೈಕಲ್ಲು ಬೇಡ.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆಪ್‌ಗಳು ಸಾವುಕಾರನಿಗಿಂತ ಕಠಿಣ. ರಿಸರ್ವ್ ಬ್ಯಾಂಕಿನ 2022ರ ಸೆಪ್ಟೆಂಬರ್ ಸೂಚನೆಯಂತೆ ಇಂಥ ಆಪ್ ನಿಮ್ಮ ಫೋನಿನ ಹೆಸರುಗಳ ಪಟ್ಟಿ, ಫೋಟೋ ಮುಟ್ಟುವಂತಿಲ್ಲ. ಮುಟ್ಟಲು ಅನುಮತಿ ಕೇಳಿತೆಂದರೆ ಅದು ಕಳ್ಳನೆಂದೇ ತಿಳಿಯಿರಿ. ಹಣ ಬರುವುದಕ್ಕೆ ಯುಪಿಐ ಪಿನ್ ಎಂದೂ ಬೇಕಾಗಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. “ನಿನ್ನ ಖಾತೆ ಒಂದು ವಾರ ಕೊಡು, ಐದು ಸಾವಿರ ಕೊಡುತ್ತೇನೆ” ಎಂದು ಯಾರಾದರೂ ಹೇಳಿದರೆ ಅದು ವಂಚನೆಯ ಹಣ ಸಾಗಿಸುವ ದಾರಿ. ಪೊಲೀಸರು ಮೊದಲು ಬರುವುದು ಖಾತೆಯ ಒಡೆಯನ ಮನೆಗೇ. ಮೋಸ ಹೋದರೆ ನಾಚಿಕೆಪಡದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ಹೋಗಿಬಿಡುತ್ತದೆ.

ಖಾತೆ ತೆರೆಯಲು ಆಧಾರ್ ಕಾರ್ಡು, ಜನನ ಪ್ರಮಾಣಪತ್ರ, ಎರಡು ಫೋಟೋ ತೆಗೆದುಕೊಂಡು ಪಾಲಕರೊಂದಿಗೆ ಅಂಚೆ ಕಚೇರಿಗೆ ಹೋಗಬೇಕು. ಅಲ್ಲಿನ ಅರ್ಜಿ ಕನ್ನಡದಲ್ಲಿ ಸಿಗದಿದ್ದರೆ ಶಾಲೆಗೆ ತನ್ನಿ, ಕೂತು ತುಂಬಿಸಿಕೊಡುತ್ತೇವೆ. ಬೀದರಿಗೆ ಹೋದ ಆ ಹುಡುಗಿ ದಸರಾ ರಜೆಗೆ ಬಂದಾಗ ಶಾಲೆಗೂ ಬಂದಿದ್ದಳು. ಗುಂಪಿನ ಸಾಲದ ಏಳು ಕಂತು ಇನ್ನೂ ಬಾಕಿ ಇವೆಯಂತೆ. ನೋಟುಬುಕ್ಕು ಈಗ ಅವಳ ತಮ್ಮನ ಕೈಯಲ್ಲಿದೆ.